ವೆರಿಕೋಸ್ ಕಾಲಿಗೆ ಬಿಗಿ ಬ್ಯಾಂಡೇಜು: ಬದಿಯಡ್ಕದ ಮಳೆಗಾಲದಲ್ಲಿ ನನ್ನ ಅನುಭವ

"ಈ ಸೆಕೆಯಲ್ಲಿ, ಈ ಮಳೆಯಲ್ಲಿ ಮೊಣಕಾಲಿನವರೆಗೆ ಬಿಗಿದುಕೊಂಡು ತೋಟಕ್ಕೆ ಯಾರು ಇಳಿಯುತ್ತಾರೆ ಮಾರಾಯ?" ಅಂತ ಕೇಳಿದವರು ನನ್ನ ಜೊತೆಗೇ ಓದಿದ ವೈದ್ಯರು. ಈಗ ಅವರೇ ರೋಗಿಗಳನ್ನು ಬದಿಯಡ್ಕದ ನನ್ನ ಕ್ಲಿನಿಕ್ಕಿಗೆ ಕಳಿಸುತ್ತಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ವೆರಿಕೋಸ್, ಅಂದರೆ ಕಾಲಿನ ಅಭಿಧಮನಿ ಉಬ್ಬಿದ ತೊಂದರೆಗೆ ನನ್ನಲ್ಲಿಗೆ ಬರುವವರಲ್ಲಿ ಜಂಬರದ (ಮದುವೆ ಮುಂಜಿಯ ಊಟದ) ಅಡುಗೆಯವರು ಜಾಸ್ತಿ, ಆಮೇಲೆ ಹೋಟೆಲಿನವರು. ಹರಡಿನ ಒಳಬದಿ ಕಪ್ಪು, ತುರಿಕೆ, ನೀರು ಸೋರುವುದು. ಹಳೆಯ ಕಾಲಾದರೆ ಚರ್ಮ ಒಣಗಿದ ಅಡಿಕೆ ಹಾಳೆಯಷ್ಟು ಗಟ್ಟಿ. ನೀರ್ಚಾಲು ಕಡೆಯ ಒಬ್ಬ ಅಡುಗೆಯಣ್ಣ ಚೀಲ ಮಗುಚಿದಾಗ ಮೇಜಿನ ತುಂಬ ಟ್ಯೂಬುಗಳು: ಸ್ಟೀರಾಯ್ಡ್, ಆಂಟಿಫಂಗಲ್, ಆಂಟಿಬಯಾಟಿಕ್ ಮೂರೂ ಬೆರೆಸಿದವು, ಅಲರ್ಜಿ ತರಿಸಬಲ್ಲ ನಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಇದ್ದವು. ಸೆಲ್ಯುಲೈಟಿಸ್ (ಚರ್ಮದಡಿಯ ಸೋಂಕು) ಅಂತ ಎರಡು ಕಾಲಿಗೂ ಇಂಜೆಕ್ಷನ್ ಆಗಿತ್ತು. ಎರಡೂ ಕಾಲು ಒಟ್ಟಿಗೆ ಕೆಂಪಾಗಿ, ಜ್ವರವೂ ಇಲ್ಲದಿದ್ದರೆ ಮೊದಲು ಎಕ್ಸಿಮಾ (ಸೋಂಕಲ್ಲದ ಚರ್ಮದ ಉರಿಯೂತ) ಅಂತಲೇ ನೋಡಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಿಯೋಮೈಸಿನ್ ನಿಲ್ಲಿಸಿದ ವಾರದಲ್ಲೇ ಅವರ ಅರ್ಧ ತುರಿಕೆ ಇಳಿಯಿತು. ಅಷ್ಟರಲ್ಲಿ ಹದಿನೈದು ಸಾವಿರದ ಹತ್ತಿರ ಖರ್ಚಾಗಿತ್ತು.

ಮೊದಲು ಸೋತದ್ದು ಕ್ರೇಪ್ ಬ್ಯಾಂಡೇಜು. ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನದೊಳಗೆ ಸಡಿಲವಾಗಿ ಹರಡಿನಲ್ಲಿ ಮುದ್ದೆ. ಆಮೇಲೆ ಸ್ಟಾಕಿಂಗ್ಸ್, ಅಂದರೆ ಬಿಗಿ ಕಾಲುಚೀಲ: ಜೋಡಿಗೆ ಎರಡೂವರೆ ಮೂರು ಸಾವಿರ, ಸೋರುವ ಕಾಲಿಗೆ ಎಳೆದು ಹಾಕಲು ಆಗದು, ಸೊಂಟ ಬಗ್ಗದ ಅಜ್ಜಿಯಂದಿರಿಗಂತೂ ಸಾಧ್ಯವೇ ಇಲ್ಲ. ಮೂಲೆ ಸೇರಿದವೇ ಹೆಚ್ಚು.

ಉಳಿಯತ್ತಡ್ಕದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆನೆಕಾಲಿನವರಿಗೆ ವರ್ಷಗಳಿಂದ ಬ್ಯಾಂಡೇಜು ಕಟ್ಟುತ್ತಿದ್ದಾರೆ. ಅದೂ ಇದೇ ಕಾಸರಗೋಡಿನ ಮಳೆಯಲ್ಲಿ. ಮತ್ತೆ ನಮ್ಮ ಅಡುಗೆಯವರಿಗೆ ಯಾಕೆ ಆಗಬಾರದು?

ನಾನು ಹಿಡಿದ ದಾರಿ ಹೀಗೆ. ಎಬಿಪಿಐ (ಹರಡಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದ ಅಂಕಿ; ಕಾಲಿಗೆ ರಕ್ತ ಸರಿಯಾಗಿ ಬರುತ್ತದೆಯೇ ಎಂದು ತಿಳಿಯಲು) 0.8ಕ್ಕಿಂತ ಕೆಳಗಿದ್ದರೆ ಈ ಬಿಗಿ ಕಟ್ಟುವುದೇ ಇಲ್ಲ; ಸಕ್ಕರೆ ಕಾಯಿಲೆಯವರ ಧಮನಿ ಗಟ್ಟಿಯಾಗಿ ಅಂಕಿ ಸುಳ್ಳೇ ಮೇಲಕ್ಕೆ ಹೋಗುವುದುಂಟು, ಅವರನ್ನು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿಗೆ ಕಳಿಸುತ್ತೇನೆ. ಸೋರುವ ಕಾಲನ್ನು ಮೊದಲು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ನೆನೆಸುವುದು, 1:10,000, ತಿಳಿ ಗುಲಾಬಿ ಬಣ್ಣ ಬಂದರೆ ಸಾಕು. ಕೆಲವೇ ದಿನ ಸ್ಟೀರಾಯ್ಡ್ ಮುಲಾಮು, ಆಮೇಲೆ ಬರೀ ಪೆಟ್ರೋಲಿಯಂ ಜೆಲ್ಲಿ. ಅದರ ಮೇಲೆ ಪ್ಲಾಸ್ಟರಿನಡಿ ಸುತ್ತುವ ಹತ್ತಿ ರೋಲು, ಅದರ ಮೇಲೆ ಹೆಚ್ಚು ಹಿಗ್ಗದ ಶಾರ್ಟ್-ಸ್ಟ್ರೆಚ್ ಹತ್ತಿ ಬ್ಯಾಂಡೇಜು, ಬೆರಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ. ಹರಡಿನ ಹಿಂದಿನ ಗುಳಿಗೆ ಫೋಮಿನ ತುಂಡು ಕತ್ತರಿಸಿ ಇಡುತ್ತೇನೆ; ಗಟ್ಟಿ ಚರ್ಮ ಮೆದುವಾಗುವುದು ಅಲ್ಲಿಂದಲೇ. ಹಿಮ್ಮಡಿಯ ಸುತ್ತು ಜಾರದಂತೆ ತಿರುಗಿಸುವ ಬಗೆ ಒಂದುಂಟು, ಅದನ್ನು ಬರೆಯುವುದಿಲ್ಲ. ಕ್ಲಿನಿಕ್ಕಿಗೆ ಬಂದವರಿಗೆ ಕೈಯಲ್ಲೇ ತೋರಿಸುತ್ತೇನೆ.

ಬ್ಯಾಂಡೇಜು ಒಂದಕ್ಕೆ ಸುಮಾರು ಎಂಟುನೂರು. ಮಳೆಗಾಲಕ್ಕೆ ಎರಡು ಸೆಟ್ಟು ಬೇಕೇ ಬೇಕು. ಒಗೆದು ನೆರಳಲ್ಲಿ ಹಾಸಿ ಒಣಗಿಸಬೇಕು. ಹಗ್ಗಕ್ಕೆ ನೇತುಹಾಕಿದರೆ ಎಳೆದು ಹೋಗುತ್ತದೆ, ಬಚ್ಚಲ ಒಲೆಯ ಮೇಲಿಟ್ಟರೆ ಹೊಗೆ ಹಿಡಿಯುತ್ತದೆ. ಕಟ್ಟುವುದನ್ನು ಮನೆಯ ಒಬ್ಬರಿಗೆ, ಹೆಚ್ಚಾಗಿ ಸೊಸೆಗೆ, ಕಲಿಸಿಯೇ ಕಳಿಸುತ್ತೇನೆ. ಯಶಸ್ಸಿನ ಮುಕ್ಕಾಲು ಪಾಲು ಅವರದ್ದು.

ನಡುವೆ ಕೊಬ್ಬರಿ ಎಣ್ಣೆಯನ್ನೂ ನೋಡಿದೆ. ತುರಿಕೆಗೆ ಅಡ್ಡಿಯಿಲ್ಲ, ಆದರೆ ಬ್ಯಾಂಡೇಜು ಕಮಟು ವಾಸನೆ ಹೊಡೆದು ಯಾರೂ ಕಟ್ಟಿಕೊಳ್ಳಲಿಲ್ಲ. ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಮಾತ್ರ ಹಿಡಿಸಿತು. ಅಡುಗೆಯವರು ಸಾರು ಕುದಿಯುವಾಗ ಒಲೆಯ ಪಕ್ಕದಲ್ಲೇ ಮಾಡುತ್ತಾರೆ.

ಅಡುಗೆಯಣ್ಣನ ಕಾಲು ಎರಡು ಮೂರು ತಿಂಗಳಲ್ಲಿ ಒಣಗಿತು, ಚರ್ಮ ಚಿವುಟಿದರೆ ಕೈಗೆ ಬರುವಷ್ಟು ಮೆದುವಾಯಿತು. ಆಮೇಲೆ ಅಡಿಕೆ ಮಾರಿದ ದುಡ್ಡಿನಲ್ಲಿ ಮಂಗಳೂರಿಗೆ ಹೋಗಿ ಕೆಟ್ಟ ಅಭಿಧಮನಿ ಮುಚ್ಚುವ ಲೇಸರ್ ಮಾಡಿಸಿಕೊಂಡರು. ಹುಣ್ಣಾದವರು ಈ ಮುಚ್ಚಿಸುವುದಕ್ಕೆ ತಡ ಮಾಡಬಾರದು: 2018ರಲ್ಲಿ ಪ್ರಕಟವಾದ, ಬ್ರಿಟನ್ನಿನ ಎವ್ರಾ (EVRA) ಎಂಬ ಅಧ್ಯಯನದಲ್ಲಿ ಬ್ಯಾಂಡೇಜಿನ ಜೊತೆ ಬೇಗ ಅಭಿಧಮನಿ ಮುಚ್ಚಿಸಿಕೊಂಡವರ ಹುಣ್ಣು 56 ದಿನದ ಆಸುಪಾಸಿನಲ್ಲಿ, ತಡ ಮಾಡಿದವರದು 82 ದಿನದ ಆಸುಪಾಸಿನಲ್ಲಿ ವಾಸಿಯಾಗಿತ್ತು.

ಕಪ್ಪು ಬಣ್ಣ ಮಾತ್ರ ಪೂರ್ತಿ ಹೋಗುವುದು ಅಪರೂಪ, ರಕ್ತದ ಕಬ್ಬಿಣ ಚರ್ಮದಲ್ಲಿ ಕೂತಿರುತ್ತದೆ. ಇದನ್ನು ಮೊದಲ ದಿನವೇ ರೋಗಿಗೆ ಹೇಳಿಬಿಡಿ. ಇಲ್ಲದಿದ್ದರೆ ಕಾಲು ವಾಸಿಯಾದ ಮೇಲೂ ಬಿಳಿ ಮಾಡುವ ಟ್ಯೂಬು ಹುಡುಕಿಕೊಂಡು ಮೆಡಿಕಲ್ಲಿಗೆ ಹೋಗುತ್ತಾರೆ.