ಕರುವಿನ ಭೇದಿ ಮನೆಮಕ್ಕಳಿಗೆ ಅಂಟದಂತೆ ತಡೆಯುವುದು ಹೇಗೆ?

ಹುಟ್ಟಿ ವಾರ ತುಂಬಿದ ಕರು ಹಳದಿ ಬಣ್ಣಕ್ಕೆ ನೀರುನೀರಾಗಿ ಭೇದಿ ಮಾಡತೊಡಗಿದರೆ, 'ಹಾಲು ಜಾಸ್ತಿ ಕುಡಿದಿದೆ' ಅನ್ನುತ್ತೇವೆ. ಇಲ್ಲವೇ ಜಂತುಹುಳು ಔಷಧಿ ಕುಡಿಸುತ್ತೇವೆ. ಒಂದರಿಂದ ಮೂರು ವಾರದ ಕರುಗಳಲ್ಲಿ ಎಷ್ಟೋ ಸಲ ಕಾರಣ ಬೇರೆಯೇ ಇರುತ್ತದೆ. ಅದು ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಕೋಶ ಪರಾವಲಂಬಿ. ಇದು ಹುಳುವಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಹಾಗಾಗಿ ಜಂತುಹುಳು ಔಷಧಿಗೆ ಬಗ್ಗುವುದಿಲ್ಲ, ಮಾಮೂಲಿ ಆಂಟಿಬಯೋಟಿಕ್‌ಗೂ ಸಾಯುವುದಿಲ್ಲ.

ಕರುವಿನ ಕರುಳಲ್ಲಿ ಬೆಳೆದ ಇದು ಗಟ್ಟಿ ಕವಚದ ಕಣಗಳಾಗಿ ಸಗಣಿಯಲ್ಲಿ ಕೋಟಿಗಟ್ಟಲೆ ಹೊರಬೀಳುತ್ತದೆ. ಒಂದು ಕಣದ ಗಾತ್ರ ಸುಮಾರು 5 ಮೈಕ್ರಾನ್, ಅಂದರೆ ಮಿಲಿಮೀಟರಿನ 200ನೇ ಒಂದು ಪಾಲು. ಹೊರಬಿದ್ದ ಗಳಿಗೆಯಿಂದಲೇ ಸೋಂಕು ತಗಲಿಸುವ ಶಕ್ತಿ ಅದಕ್ಕಿದೆ, ಹತ್ತಾರು ಕಣ ಹೊಟ್ಟೆ ಸೇರಿದರೂ ಮನುಷ್ಯರಿಗೆ ಭೇದಿ ಹಿಡಿಯಬಹುದು. ಕೋಲ್ಕತ್ತವೂ ಸೇರಿ ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಏಳು ಕಡೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದೊಳಗಿನ ಶಿಶುಗಳ ಜೋರು ಭೇದಿಗೆ ರೋಟಾವೈರಸ್ ಬಿಟ್ಟರೆ ಇದೇ ಮುಖ್ಯ ಕಾರಣವೆಂದು ಕಂಡುಬಂತು. ಈ ಪರಾವಲಂಬಿಯಲ್ಲೇ ಹಲವು ಬಗೆಗಳಿವೆ. ಮನುಷ್ಯರಿಂದ ಮನುಷ್ಯರಿಗೆ ಹರಡುವಂಥದ್ದು ಬೇರೊಂದಿದೆ, ನಮ್ಮ ದೇಶದ ಮಕ್ಕಳಲ್ಲಿ ಅದೇ ಹೆಚ್ಚು. ಆದರೆ 'ಪಾರ್ವಮ್' ಎಂಬ ಬಗೆ ಕರುವಿಗೂ ಬರುತ್ತದೆ, ಮಗುವಿಗೂ ಬರುತ್ತದೆ. ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇರುವ ನಮ್ಮ ಹಳ್ಳಿಗಳಲ್ಲಿ ಇದನ್ನು ಮರೆಯುವಂತಿಲ್ಲ.

ಕರು ಹುಟ್ಟಿದ ದಿನ

ಮೊದಲು ಗಿಣ್ಣು. 30 ಕೆ.ಜಿ. ತೂಕದ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್ ಗಿಣ್ಣುಹಾಲು ಬೇಕು. ಅದರಲ್ಲಿ ಅರ್ಧವಾದರೂ ಹುಟ್ಟಿದ ಒಂದೆರಡು ಗಂಟೆಯಲ್ಲೇ ಹೊಟ್ಟೆ ಸೇರಬೇಕು. ಮಾಸು ಬೀಳುವ ತನಕ ಹಾಲು ಕುಡಿಸಬಾರದೆಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಗಿಣ್ಣಿನಲ್ಲಿರುವ ರೋಗನಿರೋಧಕ ಅಂಶಗಳನ್ನು ಕರುಳು ಹೀರಿಕೊಳ್ಳುವುದು ಮೊದಲ 24 ಗಂಟೆ ಮಾತ್ರ, ಅದರಲ್ಲೂ ಗಂಟೆ ಕಳೆದಂತೆ ಕಡಿಮೆಯಾಗುತ್ತದೆ. ಗಿಣ್ಣು ಕುಡಿದ ಕರುವಿಗೂ ಈ ಸೋಂಕು ಬರಬಹುದು, ಆದರೆ ಬೇರೆ ರೋಗಗಳೂ ಜೊತೆಸೇರಿ ಕರು ಸಾಯುವ ಸಂಭವ ಬಹಳ ಕಡಿಮೆ. ನೆರೆಮನೆಗೆ ಗಿಣ್ಣು ಹಂಚುವ ಪದ್ಧತಿ ಚೆಂದದ್ದೇ. ಕರುವಿನ ಪಾಲು ಮುಗಿದ ಮೇಲೆ ಹಂಚಿ.

ಭೇದಿ ಶುರುವಾದಾಗ

ಕರುವನ್ನು ಬೇರೆ ಕಟ್ಟಿ, ಅದಕ್ಕೇ ಒಂದು ಬಕೆಟ್ ಮೀಸಲಿಡಿ. ಆರೋಗ್ಯದ ಕರುಗಳ ಕೆಲಸ ಮೊದಲು ಮುಗಿಸಿ, ಕಾಯಿಲೆಯದರ ಬಳಿ ಕೊನೆಗೆ ಹೋಗಿ. ಹಾಲು ನಿಲ್ಲಿಸಬೇಡಿ, ನಿಲ್ಲಿಸಿದರೆ ಕರು ಸೊರಗುತ್ತದೆ. ಎರಡು ಹೊತ್ತಿನ ಹಾಲಿನ ನಡುವೆ ಉಗುರುಬೆಚ್ಚಗಿನ ಓಆರ್‌ಎಸ್ ನೀರನ್ನು ಪ್ರತ್ಯೇಕವಾಗಿ ಕುಡಿಸಿ. ಕಣ್ಣು ಗುಳಿಬಿದ್ದು, ಎದ್ದು ನಿಲ್ಲಲಾಗದೆ, ಚೀಪುವುದನ್ನೂ ಬಿಟ್ಟಿದ್ದರೆ ಡ್ರಿಪ್ ಬೇಕಾಗುತ್ತದೆ. ತಡಮಾಡದೆ ಪಶು ಆಂಬುಲೆನ್ಸ್‌ನ 1962ಕ್ಕೆ ಕರೆ ಮಾಡಿ.

ತೊಳೆಯುವುದು ಯಾವುದರಿಂದ?

ಹೆಚ್ಚಿನವರು ಎಡವುವುದು ಇಲ್ಲೇ. ಫಿನೈಲ್ ಸುರಿದು, ಬ್ಲೀಚಿಂಗ್ ಪೌಡರ್ ಎರಚಿ ನಿಶ್ಚಿಂತರಾಗಬೇಡಿ. ಕ್ಲೋರಿನ್ ಈ ಕಣಗಳ ಕವಚವನ್ನು ದಾಟುವುದೇ ಕಷ್ಟ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ, ಕ್ಲೋರಿನ್ ಹಾಕಿದ ನಲ್ಲಿನೀರಿನಿಂದಲೇ ಸುಮಾರು 4 ಲಕ್ಷ ಜನ ಇದೇ ಪರಾವಲಂಬಿಯಿಂದ ಕಾಯಿಲೆ ಬಿದ್ದರು. ತೇವ ಮತ್ತು ತಂಪು ಇದ್ದರೆ ಕಣಗಳು ತಿಂಗಳುಗಟ್ಟಲೆ ಬದುಕುತ್ತವೆ. ಅವಕ್ಕೆ ಆಗದಿರುವುದು ಬಿಸಿ ಮತ್ತು ಒಣಹವೆ.

ಅದಕ್ಕೇ ಮೊದಲು ಸಗಣಿ, ಒದ್ದೆ ಹುಲ್ಲನ್ನೆಲ್ಲ ಕೆರೆದು ತೆಗೆಯಿರಿ. ಬಕೆಟ್ಟು, ಹಾಲುಣಿಸುವ ಬಾಟಲಿ, ಕರು ಕಟ್ಟುವ ಜಾಗಕ್ಕೆ ಕುದಿಯುವ ನೀರು ಸುರಿಯಿರಿ. ಆಮೇಲೆ ಪಾತ್ರೆಗಳನ್ನು ಸುಡುಬಿಸಿಲಿಗಿಟ್ಟು, ನೆಲ ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಆಗ ಒಣ ಹುಲ್ಲನ್ನು ದಿನಾ ಬದಲಿಸುವುದೊಂದೇ ದಾರಿ, ಶ್ರಮವಾದರೂ ಮಾಡಲೇಬೇಕು.

ಕೈ, ತಿಪ್ಪೆ, ಬಾವಿ

ಕರುವಿಗೆ ಬೆರಳು ಚೀಪಿಸುವುದು ಮಕ್ಕಳಿಗೆ ಬಲು ಇಷ್ಟ. ಭೇದಿಯ ಕರುವಿನ ಹತ್ತಿರ ಮಾತ್ರ ಐದು ವರ್ಷದೊಳಗಿನ ಮಕ್ಕಳನ್ನು, ಗರ್ಭಿಣಿಯರನ್ನು, ಎಚ್‌ಐವಿ ಅಥವಾ ಕ್ಯಾನ್ಸರ್ ಚಿಕಿತ್ಸೆಯಿಂದ ನಿರೋಧಕ ಶಕ್ತಿ ಕುಂದಿದವರನ್ನು ಬಿಡಬೇಡಿ. ಮುಟ್ಟಿದವರು ಸೋಪು ಹಚ್ಚಿ, ಹರಿಯುವ ನೀರಲ್ಲಿ ಉಗುರುಸಂದಿಯೂ ಸೇರಿ ತಿಕ್ಕಿ ತೊಳೆಯಬೇಕು. ಸ್ಯಾನಿಟೈಸರ್ ಇದನ್ನು ಕೊಲ್ಲುವುದಿಲ್ಲ. ಅಂಗಳ ಸಾರಿಸಲು ಎಳೆಗರುವಿನ ಸಗಣಿ ಬೇಡ.

ಈ ಸಗಣಿಯನ್ನು ಹಸಿಯಾಗಿ ಕೊತ್ತಂಬರಿ, ಮೂಲಂಗಿ, ಸೌತೆಯ ಮಡಿಗೆ ಹಾಕಬೇಡಿ. ತಿಪ್ಪೆಯಲ್ಲಿ ಚೆನ್ನಾಗಿ ಬಿಸಿಯೇರಿ ಕೊಳೆತ ಮೇಲೆ ಹಾಕಿ. ತಿಪ್ಪೆಯ ನೀರು ಬಾವಿಯತ್ತ ಹರಿಯುತ್ತಿದ್ದರೆ ಕಾಲುವೆ ತೋಡಿ ತಿರುಗಿಸಿ. ಕುಡಿಯುವ ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿದರೆ ಸಾಕು. ಹಾಲು ಕಾಯಿಸಿ ಕುಡಿಯುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಕರೆದ ಹಸಿ ಹಾಲನ್ನು ಹಾಗೇ ಕುಡಿಯುವುದು ಬೇಡ.

ಮಗುವಿಗೇ ಭೇದಿಯಾದರೆ

ಕಣ ಹೊಟ್ಟೆ ಸೇರಿದ ಸುಮಾರು ಒಂದು ವಾರಕ್ಕೆ ಭೇದಿ, ಹೊಟ್ಟೆನೋವು ಕಾಣಿಸಿಕೊಂಡು ಒಂದೆರಡು ವಾರ ಕಾಡಬಹುದು. ಓಆರ್‌ಎಸ್ ಕುಡಿಸುತ್ತಲೇ ವೈದ್ಯರ ಬಳಿ ಕರೆದೊಯ್ಯಿರಿ. ಮನೆಯಲ್ಲಿ ಕರು ಭೇದಿ ಮಾಡುತ್ತಿದೆ ಎಂದು ನೀವಾಗಿಯೇ ಹೇಳಬೇಕು. ಮಾಮೂಲಿ ಮಲಪರೀಕ್ಷೆಯಲ್ಲಿ ಇದು ತಪ್ಪಿಹೋಗುತ್ತದೆ. ಕ್ಷಯದ ಕಫಪರೀಕ್ಷೆಗೆ ಬಳಸುವಂಥದ್ದೇ ಬಣ್ಣ ಹಾಕಿ ನೋಡಿದರೆ ಕಣಗಳು ಕೆಂಪಗೆ ಕಾಣುತ್ತವೆ, ಹಾಗೆ ನೋಡುವಂತೆ ವೈದ್ಯರೇ ಲ್ಯಾಬಿಗೆ ಬರೆದುಕೊಡಬೇಕಾಗುತ್ತದೆ. ಭೇದಿ ನಿಂತ ಮೇಲೂ ಮಲದಲ್ಲಿ ಕಣಗಳು ಹೋಗುತ್ತಲೇ ಇರುವುದರಿಂದ, ಇನ್ನೆರಡು ವಾರ ಮಗುವನ್ನು ಕೆರೆಗೂ ಈಜುಕೊಳಕ್ಕೂ ಇಳಿಸಬೇಡಿ.