ಧೂಳು ತುಂಬಿದ ಅಕ್ಕಿ ಗಿರಣಿಗೆ ಮೋಟಾರ್ ಆರಿಸುವುದು ಹೇಗೆ?

ಮಂಡ್ಯ, ಮದ್ದೂರು ಕಡೆಯ ಅಕ್ಕಿ ಗಿರಣಿಗಳಲ್ಲಿ ಭತ್ತವನ್ನು ಮೇಲೆತ್ತುವ ಎಲಿವೇಟರಿನ ಬುಡದಲ್ಲೂ ತೌಡಿನ ಕೋಣೆಯಲ್ಲೂ ಏಳುವ ನಯವಾದ ಧೂಳು ಗಾಳಿಯಲ್ಲಿ ದಟ್ಟವಾಗಿ ಬೆರೆತಾಗ ಕಿಡಿ ತಗುಲಿದರೆ ಸ್ಫೋಟಿಸಬಲ್ಲದು. ಆದ್ದರಿಂದ ಮೋಟಾರ್ ಕೂರಿಸುವ ಜಾಗದ ವಲಯವನ್ನು, ಅಂದರೆ ಅಪಾಯದ ದರ್ಜೆಯನ್ನು, ಮೊದಲು ಗೊತ್ತುಮಾಡಬೇಕು. ಧೂಳಿನ ಮೋಡ ಸದಾ ಇರುವುದು ವಲಯ 20, ಕೆಲಸದ ವೇಳೆ ಆಗಾಗ ಏಳುವುದು 21, ಅಪರೂಪಕ್ಕೆ ಸ್ವಲ್ಪ ಹೊತ್ತು ಕಾಣುವುದು 22. ವಲಯ 20ರೊಳಗೆ ಮೋಟಾರ್ ಇಡದಿರುವುದೇ ಲೇಸು.

ಅನಿಲಕ್ಕೆಂದು ತಯಾರಾದ ಫ್ಲೇಮ್‌ಪ್ರೂಫ್ (ಒಳಗೆ ಸ್ಫೋಟವಾದರೂ ಜ್ವಾಲೆಯನ್ನು ಹೊರಬಿಡದ) ಮೋಟಾರನ್ನೇ ಅಂಗಡಿಯವರು ತೋರಿಸುವುದುಂಟು. ಧೂಳಿಗೂ ಪ್ರಮಾಣೀಕರಿಸಿದ ಗುರುತು ಅದರ ನಾಮಫಲಕದಲ್ಲಿ ಇಲ್ಲದಿದ್ದರೆ ಅದು ಇಲ್ಲಿಗೆ ಸಲ್ಲದು. ವಲಯ 21ಕ್ಕೆ ‘ಎಕ್ಸ್ ಟಿಬಿ’ (ಕವಚದ ಮೂಲಕ ಧೂಳು ಹೊತ್ತದಂತೆ ತಡೆಯುವ) ರಕ್ಷಣೆ ಮತ್ತು ಐಪಿ 65 (ಧೂಳು ಒಳಹೋಗದ, ನೀರಿನ ಚಿಮ್ಮುವಿಕೆ ತಡೆಯುವ) ಕವಚವಿರುವ ಮೋಟಾರನ್ನು ಕೇಳಿರಿ.

ಹೆಚ್ಚು ಎಚ್ಚರ ಬೇಕಾದದ್ದು ಮೋಟಾರಿನ ಮೇಲ್ಮೈ ಬಿಸಿಯ ಲೆಕ್ಕದಲ್ಲಿ. ಅದು ಧೂಳಿನ ಮೋಡ ಹೊತ್ತಿಕೊಳ್ಳುವ ಉಷ್ಣತೆಯ ಮೂರನೇ ಎರಡು ಭಾಗವನ್ನೂ, ಕೂತ ಧೂಳಿನ 5 ಮಿ.ಮೀ. ಪದರ ಹೊತ್ತಿಕೊಳ್ಳುವ ಉಷ್ಣತೆಯಲ್ಲಿ 75 ಡಿಗ್ರಿ ಸೆಲ್ಸಿಯಸ್ ಕಳೆದರೆ ಉಳಿಯುವುದನ್ನೂ ಮೀರಬಾರದು. ಉದಾಹರಣೆಗೆ ಮೋಡ 420 ಡಿಗ್ರಿಗೆ, ಪದರ 300 ಡಿಗ್ರಿಗೆ ಹೊತ್ತುವುದಾದರೆ ಮಿತಿಗಳು 280 ಮತ್ತು 225. ಕಡಿಮೆಯದಾದ 225ನ್ನೇ ಹಿಡಿಯಬೇಕು. ಇನ್ನೂ ದಪ್ಪನೆಯ ಧೂಳು ಕಂಬಳಿಯಂತೆ ಬಿಸಿಯನ್ನು ಹಿಡಿದಿಡುವುದರಿಂದ ಈ ಲೆಕ್ಕವೂ ಸಾಲದು.

ವೇಗ ಬದಲಿಸುವ ಡ್ರೈವ್ ಜೋಡಿಸುವುದಾದರೆ ಪ್ರಮಾಣಪತ್ರದಲ್ಲಿ ಅದರ ಉಲ್ಲೇಖವಿರಬೇಕು, ಮೋಟಾರಿನ ತಂತಿಸುರುಳಿಯಲ್ಲಿ ಬಿಸಿಯನ್ನು ಗ್ರಹಿಸುವ ಥರ್ಮಿಸ್ಟರ್ ಇರಬೇಕು. ಕೇಬಲ್ ಒಳಹೋಗುವ ಕಡೆ ಅದನ್ನು ಬಿಗಿಯುವ ಗ್ಲ್ಯಾಂಡ್ ಕೂಡ ಮೋಟಾರಿನ ದರ್ಜೆಯದೇ ಆಗಿರಲಿ.