ಒಂದು ಆಕರ, ಎರಡು ಆಕಾರ: ಯುರೋಪಿಯಂ-152ರೊಡನೆ ನನ್ನ ಅನುಭವ

ದಾವಣಗೆರೆಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಯುರೋಪಿಯಂ-152 ಎಂಬ ವಿಕಿರಣಶೀಲ ಧಾತುವಿನ ಆಕರವನ್ನು ನಾನು ಹಲವು ವರ್ಷ ಡಿಟೆಕ್ಟರಿನ ಕ್ಯಾಲಿಬ್ರೇಶನ್‌ಗೆ ಮಾತ್ರ ಬಳಸಿದ್ದೆ. 121.8ರಿಂದ 1408 ಕೆಇವಿ (ಕಿಲೊ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಮಾನ) ವರೆಗಿನ ಗಾಮಾ ಗೆರೆಗಳನ್ನು ಗುರುತಿಸಿ, ಚಾನೆಲ್ ಸಂಖ್ಯೆಗಳನ್ನು ಶಕ್ತಿಗೆ ಹೊಂದಿಸಿ, ಆಕರವನ್ನು ಮತ್ತೆ ಸೀಸದ ಪೆಟ್ಟಿಗೆಗೆ ಸೇರಿಸುತ್ತಿದ್ದೆ. "ಮೇಡಂ, ಈ ಗೆರೆಗಳು ಬರುವ ಎರಡು ನ್ಯೂಕ್ಲಿಯಸ್‌ಗಳ ದ್ರವ್ಯರಾಶಿ ಸಂಖ್ಯೆಯೂ 152 ತಾನೆ, ಮತ್ತೆ ಒಂದರ ಮೊದಲ ಉದ್ರಿಕ್ತ ಸ್ಥಿತಿ ಅಷ್ಟು ಕೆಳಗಿದೆ, ಇನ್ನೊಂದರದು ಮೇಲಿದೆ, ಯಾಕೆ?" ಎಂದು ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಕೇಳಿದ ಮೇಲೆ ಅದೇ ಆಕರ ನನಗೆ ಅಧ್ಯಯನದ ವಸ್ತುವಾಯಿತು.

ಯುರೋಪಿಯಂ-152 ನೂರಕ್ಕೆ ಸುಮಾರು 72 ಪಾಲು ಎಲೆಕ್ಟ್ರಾನನ್ನು ಸೆಳೆದುಕೊಂಡು 90 ನ್ಯೂಟ್ರಾನ್‌ಗಳ ಸಮೇರಿಯಂ ಆಗುತ್ತದೆ. ಉಳಿದದ್ದು ಬೀಟಾ ಕಣವನ್ನು ಹೊರಹಾಕಿ 88 ನ್ಯೂಟ್ರಾನ್‌ಗಳ ಗ್ಯಾಡೊಲಿನಿಯಂ ಆಗುತ್ತದೆ. ನ್ಯೂಕ್ಲಿಯಸ್ಸಿನ ಪ್ರತಿ ಶಕ್ತಿಮಟ್ಟಕ್ಕೂ ಸ್ಪಿನ್, ಅಂದರೆ ಕೋನೀಯ ಸಂವೇಗದ ಅಳತೆ, ಇರುತ್ತದೆ. ಸ್ಪಿನ್ 4ರ ಮೊದಲ ಮಟ್ಟದ ಶಕ್ತಿಯನ್ನು ಸ್ಪಿನ್ 2ರ ಮೊದಲ ಮಟ್ಟದ (ಇವೆರಡರಲ್ಲೂ ಅದೇ ಮೊದಲ ಉದ್ರಿಕ್ತ ಸ್ಥಿತಿ) ಶಕ್ತಿಯಿಂದ ಭಾಗಿಸಿದರೆ ಆಕಾರದ ಸುಳಿವು ಸಿಗುತ್ತದೆ. ಗೋಳಾಕಾರದ ಸುತ್ತ ಕಂಪಿಸುವ ನ್ಯೂಕ್ಲಿಯಸ್ಸಿನಲ್ಲಿ ಮಟ್ಟಗಳು ಸಮ ಅಂತರದಲ್ಲಿರುವುದರಿಂದ ಈ ಭಾಗಲಬ್ಧ 2. ನೀಳಾಕಾರ ತಳೆದು ಗಟ್ಟಿಯಾಗಿ ತಿರುಗುವ ನ್ಯೂಕ್ಲಿಯಸ್ಸಿನಲ್ಲಿ ಮಟ್ಟದ ಶಕ್ತಿ ಸ್ಪಿನ್ನನ್ನು ಅದಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಗುಣಿಸಿದಂತೆ ಏರುವುದರಿಂದ, ಅದು 20ನ್ನು (4×5) 6ರಿಂದ (2×3) ಭಾಗಿಸಿದಷ್ಟು, ಅಂದರೆ 3.33.

ಸಮೇರಿಯಂನ 121.8 ಮತ್ತು 244.7 ಕೆಇವಿ ಗೆರೆಗಳು ನಮ್ಮ ಸೋಡಿಯಂ ಅಯೋಡೈಡ್ ಡಿಟೆಕ್ಟರಿನಲ್ಲೂ ಬಿಡಿಬಿಡಿಯಾಗಿ ಕಂಡವು. ಮೊದಲನೆಯದು ಸ್ಪಿನ್ 2ರ ಮಟ್ಟದಿಂದ ತಳಮಟ್ಟಕ್ಕೆ, ಎರಡನೆಯದು ಸ್ಪಿನ್ 4ರಿಂದ 2ಕ್ಕೆ ಇಳಿಯುವಾಗ ಹೊಮ್ಮುವ ಗಾಮಾ, ಹಾಗಾಗಿ ಎರಡನ್ನೂ ಕೂಡಿದರೆ ಸ್ಪಿನ್ 4ರ ಮಟ್ಟದ ಶಕ್ತಿ. ಕಷ್ಟ ಕೊಟ್ಟದ್ದು ಗ್ಯಾಡೊಲಿನಿಯಂ. ಅದರಲ್ಲಿ ಇದೇ ಎರಡು ಇಳಿತಗಳ ಗೆರೆಗಳು 344.3 ಮತ್ತು 411.1. 344.3 ಸ್ಪಷ್ಟವಾಗಿತ್ತು, ಆದರೆ 411.1ರ ಗೆರೆ ಪಕ್ಕದ 444ರೊಡನೆ ಬೆರೆತು ಒಂದೇ ಉಬ್ಬಾಗಿತ್ತು, ಅದರ ನಡುವನ್ನೇ ಶಕ್ತಿಯೆಂದು ಹಿಡಿದ ನನ್ನ ಮೊದಲ ಲೆಕ್ಕ ತಪ್ಪಾಯಿತು. 444 ಸಮೇರಿಯಂಗೆ ಸೇರಿದ್ದು, ಆದ್ದರಿಂದ ಅದು 344ರ ಜೊತೆಗೆ ಹುಟ್ಟಲಾರದು ಎಂಬುದು ಹೊಳೆದಾಗ ದಾರಿ ತೆರೆಯಿತು. ಎರಡು ಡಿಟೆಕ್ಟರುಗಳನ್ನು ಎದುರುಬದುರು ಇಟ್ಟು, ಒಂದರಲ್ಲಿ 344 ದಾಖಲಾದ ಕ್ಷಣದಲ್ಲೇ ಇನ್ನೊಂದರಲ್ಲಿ ಬಂದ ಗಾಮಾಗಳನ್ನಷ್ಟೇ ಎಣಿಸಿದೆವು.

ಅದು ಏಪ್ರಿಲ್ ತಿಂಗಳು. ಮಧ್ಯಾಹ್ನದ ಸೆಕೆಗೆ ಫೋಟೊಮಲ್ಟಿಪ್ಲೈಯರಿನ (ಡಿಟೆಕ್ಟರಿನ ಬೆಳಕನ್ನು ವಿದ್ಯುತ್ ಸಂಕೇತವಾಗಿಸಿ ಹೆಚ್ಚಿಸುವ ನಳಿಕೆ) ವರ್ಧನೆ ಬದಲಾಗಿ ಗೆರೆಗಳು ಚಾನೆಲ್ ತಪ್ಪುತ್ತಿದ್ದವು, ಜೊತೆಗೂಡಿದ ಎಣಿಕೆಯೋ ಬಹಳ ನಿಧಾನ. ಹಾಗಾಗಿ ರಾತ್ರಿಗಳಲ್ಲೇ ಎಣಿಸಿ, ಪ್ರತಿ ಗಂಟೆಯ ರೋಹಿತವನ್ನು ಪ್ರತ್ಯೇಕವಾಗಿ ಉಳಿಸಿ, 121.8 ಮತ್ತು 1408ರ ಗೆರೆಗಳಿಗೆ ಹೊಂದಿಸಿದ ಮೇಲೆಯೇ ಕೂಡಿಸಿದೆವು. ಉಬ್ಬಿನ ಬಲ ಭುಜ ಕುಸಿದು 411ರ ಬಳಿ ಶಿಖರವೊಂದು ನಿಂತ ಆ ಬೆಳಗಿನ ಜಾವ ನನಗೆ ಇಂದಿಗೂ ನೆನಪಿದೆ.

ನಮಗೆ ಈ ಭಾಗಲಬ್ಧ ಸಮೇರಿಯಂಗೆ ಸುಮಾರು 3.0, ಗ್ಯಾಡೊಲಿನಿಯಂಗೆ ಸುಮಾರು 2.2 ಬಂದವು, ಪ್ರಕಟಿತ ಮೌಲ್ಯಗಳು 3.01 ಮತ್ತು 2.19. ಎರಡೂ ಪಠ್ಯಪುಸ್ತಕದ ತುದಿಗಳಲ್ಲಿಲ್ಲ ಎಂಬುದೇ ನನ್ನ ದೃಷ್ಟಿಯಲ್ಲಿ ಇದರ ಸತ್ವ. 88 ಮತ್ತು 90 ನ್ಯೂಟ್ರಾನ್‌ಗಳ ನಡುವೆ ಆಕಾರವೇ ಹೊರಳುತ್ತದೆ. ಆ ಹೊರಳುಬಿಂದುವಿಗೆ ಭೌತವಿಜ್ಞಾನಿ ಇಯಾಕೆಲ್ಲೊ 2001ರಲ್ಲಿ ಕೊಟ್ಟ ಗಣಿತ ಮಾದರಿ ಸುಮಾರು 2.9 ಎನ್ನುತ್ತದೆ, ಸಮೇರಿಯಂ ಅದರ ಹತ್ತಿರವೇ ಇದೆ. ಮಾದರಿಯನ್ನು ಇನ್ನಷ್ಟು ಬಿಗಿಯಾಗಿ ಪರೀಕ್ಷಿಸಲು ಸ್ಪಿನ್ 6, 8ರ ಮಟ್ಟಗಳು ಬೇಕು. ಸ್ಪಿನ್ 3ರ ಯುರೋಪಿಯಂನ ಕ್ಷಯ ಅಷ್ಟು ಎತ್ತರದ ಸ್ಪಿನ್ನಿಗೆ ನಾವು ಅಳೆಯಬಲ್ಲಷ್ಟು ಪ್ರಮಾಣದಲ್ಲಿ ಏರುವುದಿಲ್ಲವಾದ್ದರಿಂದ, ಆ ಮಟ್ಟಗಳ ಶಕ್ತಿಗಳನ್ನು ವೇಗೋತ್ಕರ್ಷಕಗಳಲ್ಲಿ ಅಳೆದವರಿಂದ ಪಡೆದು ನಮ್ಮ ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿದ್ದೇವೆ.